ಹಿರಿಯರ ಕೂಟವೂ ಜಕ್ಕಾಯನ ಲೆಕ್ಕವೂ

ವೇದಪಾಠ: ಎರಡನೆಯ ಅರಸುಗಳು 12:4–16, ಲೂಕ 19:1–10, ಅಪೊಸ್ತಲರ ಕೃತ್ಯಗಳು 6:1–7.



ಎರಡು ತಿಂಗಳ ಹಿಂದೆ ನಾವು ಬೆಂಗಳೂರಿಗೆ ಹೋಗಿದ್ದಾಗ, ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದಕ್ಕೆ ಸೇರಿದ ಕುಟುಂಬವು ಅತ್ತಿಗುಪ್ಪೆಯಲ್ಲಿ ಬಾಡಿಗೆಯ ಮನೆಯಲ್ಲಿ ವಾಸವಾಗಿದೆಯೆಂದು ಕೇಳಿ ಅವರನ್ನು ಕಾಣುವದಕ್ಕೆ ಹೋದೆವು. ಅತ್ತಿಗುಪ್ಪೆಯೂ ಹಿಂದೆ ನಮ್ಮ ಊರುಗಳ ಹಾಗೆಯೇ ಒಂದು ಹಳ್ಳಿ. ಪಟ್ಟಣವು ಪಶ್ಚಿಮದ ಕಡೆಗೆ ಬೆಳೆಯುತ್ತಾ ಬಂದು ಹೊಲಗಳನ್ನು ನುಂಗಿ ಹೆಸರೊಂದನ್ನು ಮಾತ್ರ ಬಿಟ್ಟಿತು. ಈಗ ಆ ಹೆಸರು ಮೆಟ್ರೋ ರೈಲಿನ ನಿಲ್ದಾಣದ ಮೇಲಿದೆ. 2015ನೆಯ ಇಸವಿ ನವೆಂಬರ್ 16ರಂದು ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಆ ರೈಲು ಓಡಲಾರಂಭಿಸಿದಂದಿನಿಂದ ಎಷ್ಟೋ ಸಾವಿರ ಜನರು ದಿನವೂ ಆ ಹೆಸರನ್ನು ಕಿವಿಯಿಂದ ಕೇಳುತ್ತಾರೆ. ಕೇಳಿ ಅತ್ತಿಯ ಮರವನ್ನು ನೆನಸುವವರು ಎಷ್ಟು ಮಂದಿಯೋ ನಾವರಿಯೆವು. ನಾವಂತೂ ಹಳ್ಳಿಯವರಾದದರಿಂದ, ಮೆಟ್ಟಲಿಳಿದು ಬರುವಾಗ ಒಂದು ಅತ್ತಿಯ ಮರವಾದರೂ ಕಣ್ಣಿಗೆ ಬಿದ್ದೀತೇ ಎಂದು ಸುತ್ತಲೂ ನೋಡಿದೆವು. ಕಾಂಕ್ರೀಟಿನ ಕಂಬಗಳೇ ಕಂಡವು.

ಆ ಮನೆಯ ಯೌವನಸ್ಥನು ನಮ್ಮನ್ನು ಬಹು ಪ್ರೀತಿಯಿಂದ ಸೇರಿಸಿಕೊಂಡನು. ಅವನ ಹೆಂಡತಿಯು ಕಾಫಿಯನ್ನು ತಂದಿಟ್ಟಳು. ಊರಿನ ಮಳೆಬೆಳೆಯ ಸಮಾಚಾರವೆಲ್ಲಾ ಮುಗಿದ ಮೇಲೆ ಅವನು ತಲೆಯನ್ನು ತಗ್ಗಿಸಿಕೊಂಡು, "ಅಯ್ಯನವರೇ, ನಾನು ಮೂರು ವರುಷಗಳಿಂದ ಸುಗ್ಗಿಹಬ್ಬದ ಕಾಣಿಕೆಯನ್ನು ಊರಿಗೆ ಕಳುಹಿಸಲಿಲ್ಲ. ತಾವು ಬೇಸರ ಮಾಡಿಕೊಳ್ಳಬಾರದು. ಕೊಡುವದಕ್ಕೆ ಮನಸ್ಸಿಲ್ಲವೆಂದಲ್ಲ, ಕೊಟ್ಟದ್ದು ಎಲ್ಲಿಗೆ ಹೋಗುತ್ತದೋ ತಿಳಿಯದು. ಊರಿನಲ್ಲಿ ನಮ್ಮವ್ವ ಈಗಲೂ ಒಲೆಗೆ ಅನ್ನವಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ತೆಗೆದಿಡುತ್ತಾಳೆ. ಅದನ್ನು ನೆನಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ" ಎಂದು ಹೇಳಿದನು.

ನಾವು ಅವನಿಗೆ ಏನೂ ಉತ್ತರ ಕೊಡಲಿಲ್ಲ. ಪ್ರಾರ್ಥನೆ ಮಾಡಿ ಎದ್ದುಬಂದೆವು. ಉತ್ತರವಿಲ್ಲದೆ ಅಲ್ಲ, ಉತ್ತರದಲ್ಲಿ ನಮ್ಮ ಹೆಸರೂ ಇದ್ದದರಿಂದ ಬಾಯಿ ಬರಲಿಲ್ಲ. ಅದು ಹೇಗೆಂಬದನ್ನು ಮುಂದೆ ಹೇಳುವೆವು.

ಹಿರಿಯರ ಕೂಟವೆಂದೋ ಸಭಾ ಪಂಚಾಯಿತಿಯೆಂದೋ ಕಮಿಟಿಯೆಂದೋ ನೀವು ಯಾವ ಹೆಸರಿನಿಂದ ಕರೆದರೂ ಕೆಲಸವು ಒಂದೇ. ಆರಾಧನೆಯಾದ ಮೇಲೆ ಐದಾರು ಮಂದಿ ಜಮಖಾನದ ಮೇಲೆ ಕುಳಿತುಕೊಳ್ಳುವರು. ಹಿಂದಿನ ಕೂಟದ ನಡವಳಿಯನ್ನು ಓದುವರು. ಒಡೆದ ಹೆಂಚು, ವಿದ್ಯುತ್ತಿನ ಬಿಲ್ಲು, ಉಪದೇಶಿಯ ಮನೆಯ ಬಿರುಕು ಬಿಟ್ಟ ಗೋಡೆ, ಗಂಟೆಯ ಹಗ್ಗ, ಯಾವ ಮದುವೆಯನ್ನು ಯಾವ ಭಾನುವಾರದಿಂದ ಪ್ರಕಟಿಸಬೇಕು, ಸಭೆಯ ಪಟ್ಟಿಯಲ್ಲಿ ಯಾರ ಹೆಸರನ್ನು ಸೇರಿಸಬೇಕು, ಸುಗ್ಗಿಹಬ್ಬದ ಹರಾಜನ್ನು ಯಾರು ಕೂಗಬೇಕು ಎಂಬವುಗಳನ್ನು ಕುರಿತು ಮಾತಾಡುವರು. ಸಭಾಪ್ರಾಂತಕ್ಕೆ ಕಟ್ಟತಕ್ಕ ಹಣವು ಇನ್ನೂ ಬಾಕಿಯಿದೆಯೆಂದು ಕಾರ್ಯದರ್ಶಿಯು ಹೇಳುವಾಗ ಎಲ್ಲರೂ ಮೇಲೆ ನೋಡುವರು. ಆ ಮೇಲೆ ಪ್ರಾರ್ಥನೆ. ಇದನ್ನು ನೋಡುವ ಕೆಲವರು, ಪ್ರಸಂಗವೂ ಕೀರ್ತನೆಯೂ ಆತ್ಮಿಕವಾದವು, ಈ ಹೆಂಚು ಹಗ್ಗಗಳ ಮಾತು ಲೌಕಿಕವಾದದ್ದು ಎಂದು ವಿಭಾಗ ಮಾಡುವರು. ಈ ವಿಭಾಗವು ದೇವರ ವಾಕ್ಯದಲ್ಲಿ ನಮಗೆ ಎಲ್ಲಿಯೂ ಕಾಣಲಿಲ್ಲ.

ವಿಮೋಚನಕಾಂಡದ 38ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಓದುವಾಗ ನಿದ್ದೆ ಬರುವ ಅಧ್ಯಾಯವೆಂದು ಅದನ್ನು ದಾಟಿಹೋಗುವದು ನಮ್ಮ ವಾಡಿಕೆ. ಅಲ್ಲಿ ದೇವದರ್ಶನದ ಗುಡಾರಕ್ಕೆ ಬಂದ ಕಾಣಿಕೆಯ ಲೆಕ್ಕವು ಬರೆದಿದೆ. ಚಿನ್ನವು 29 ತಲಾಂತು 730 ಶೆಕೆಲು. ಬೆಳ್ಳಿಯು 100 ತಲಾಂತು 1,775 ಶೆಕೆಲು. ತಾಮ್ರವು 70 ತಲಾಂತು 2,400 ಶೆಕೆಲು. ಲೆಕ್ಕವನ್ನು ಇಟ್ಟವರು ಲೇವಿಯರು. ಅವರ ಮೇಲೆ ಯಾಜಕನಾದ ಆರೋನನ ಮಗನು. ಆ ಬೆಳ್ಳಿಯ ನೂರು ತಲಾಂತು ಗದ್ದಿಗೇಕಲ್ಲುಗಳಿಗೆ ಹೋಯಿತು, ಮಿಕ್ಕ ಚಿಲ್ಲರೆಯಾದ 1,775 ಶೆಕೆಲು ಕಂಬಗಳ ಕೊಂಡಿಗಳಿಗೂ ಅವುಗಳ ತಲೆಗಳಿಗೂ ಕಟ್ಟುಗಳಿಗೂ ಹೋಯಿತು ಎಂದು ವಿವರವಾಗಿ ಹೇಳಿದೆ. ಕೊಂಡಿಗಳ ಲೆಕ್ಕವನ್ನು ಬರೆಯಿಸುವದು ಪವಿತ್ರಾತ್ಮನಿಗೆ ಹಗುರವಾದ ಕೆಲಸವಾಗಿ ಕಾಣಲಿಲ್ಲ. ಹಾಗಾದರೆ ಗಂಟೆಯ ಹಗ್ಗದ ಲೆಕ್ಕವನ್ನು ಬರೆಯುವದು ನಮಗೆ ಹಗುರವೇ?

ಇನ್ನು ಯೆರೂಸಲೇಮಿನ ಮೊದಲನೆಯ ಸಭೆಯನ್ನು ನೋಡಿರಿ. ಅಪೊಸ್ತಲರು ಬದುಕಿರುವಾಗಲೇ, ಪಂಚಾಶತ್ತಮದ ಬೆಂಕಿಯು ಇನ್ನೂ ಆರದಿರುವಾಗಲೇ, ಅಲ್ಲಿ ಊಟದ ವಿಷಯದಲ್ಲಿ ಗುಣುಗುಟ್ಟುವಿಕೆ ಉಂಟಾಯಿತು. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು. ಬೇಕೆಂದು ತಪ್ಪಿಸಿದರೆಂದು ವೇದವು ಹೇಳುವದಿಲ್ಲ, ಆದರೂ ತಪ್ಪಿತು. ಹಸಿದ ವಿಧವೆಗೆ ಎರಡೂ ಒಂದೇ. ಅಪೊಸ್ತಲರು, ದೂರು ಹೇಳುವವರು ಸಭೆಯನ್ನು ಒಡೆಯುವವರೆಂದು ಬೈಯಲಿಲ್ಲ. ಸಭೆಯನ್ನೆಲ್ಲಾ ಕೂಡಿಸಿ, ಒಳ್ಳೇ ಹೆಸರುಳ್ಳವರೂ ಆತ್ಮಭರಿತರೂ ಜ್ಞಾನಿಗಳೂ ಆಗಿರುವ ಏಳು ಮಂದಿಯನ್ನು ನೀವೇ ಆರಿಸಿರಿ ಎಂದು ಹೇಳಿದರು. ಆರಿಸಿದ ಏಳು ಹೆಸರುಗಳನ್ನು ಸ್ತೆಫನನಿಂದ ನಿಕೊಲಾಯನ ವರೆಗೆ ಓದಿ ನೋಡಿರಿ. ಏಳೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರಿಗೆ ಪಾಲು ತಪ್ಪಿತೋ ಅವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದರೆಂದು ಇದರಿಂದ ತೋರುತ್ತದೆ. ನಮ್ಮ ಸಭೆಗಳಲ್ಲಿಯಾದರೋ ಲೆಕ್ಕ ಕೇಳಿದವನನ್ನು ಮುಂದಿನ ವರುಷ ಕಮಿಟಿಯಿಂದ ಬಿಡುವದು ರೂಢಿ. ಆ ಏರ್ಪಾಟಾದ ಮೇಲೆಯೇ ದೇವರ ವಾಕ್ಯವು ಹಬ್ಬಿ ಶಿಷ್ಯರ ಸಂಖ್ಯೆಯು ಬಹಳವಾಗಿ ಹೆಚ್ಚಿತೆಂದು ಲೂಕನು ಬರೆದದ್ದನ್ನು ಮರೆಯಬೇಡಿರಿ.

ನಮಗೆ ಈ ಕೆಲಸವು ಯಾಕೆ ಇಷ್ಟು ಕಷ್ಟ? ಒಂದು ಕಾರಣವನ್ನು ನಾವು ಬಲ್ಲೆವು. ನಮ್ಮ ಹಿರಿಯರ ಕಾಲದಲ್ಲಿ ಲೆಕ್ಕದ ಪುಸ್ತಕವು ದೊರೆಗಳ ಮೇಜಿನ ಮೇಲಿತ್ತು. 1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದರು. 1837ರಲ್ಲಿ ವೆಸ್ಲಿಯನ್ ಮಿಷನಿನ ಹಾಡ್ಸನ್ ದೊರೆಗಳು ಗುಬ್ಬಿಯಲ್ಲಿ ಕೆಲಸವನ್ನು ಆರಂಭಿಸಿದರು. ಅಂದಿನಿಂದ ಬಹುಕಾಲ ಹೆಂಚು ಬೇಕಾದರೂ ಹೆಣ ಹೂಳುವದಕ್ಕೆ ಸ್ಥಳ ಬೇಕಾದರೂ ಬಂಗಲೆಯ ಜಗಲಿಗೆ ಹೋಗಿ ನಿಂತುಕೊಳ್ಳುವದೇ ನಮ್ಮವರ ಕೆಲಸವಾಗಿತ್ತು. 1914ರ ಯುದ್ಧದಲ್ಲಿ ಬಾಸೆಲ್ ಮಿಷನಿನ ಜರ್ಮನ್ ದೊರೆಗಳನ್ನು ಸರಕಾರದವರು ಸೆರೆಯಲ್ಲಿಟ್ಟಾಗ ಕರಾವಳಿಯ ಮತ್ತು ಧಾರವಾಡ ಸೀಮೆಯ ಸಭೆಗಳ ಭಾರವು ಅಲ್ಲಿಯ ಸಭಾಪಾಲಕರ ಮತ್ತು ಹಿರಿಯರ ಹೆಗಲ ಮೇಲೆ ಒಮ್ಮೆಗೇ ಬಿತ್ತು. 1947ನೆಯ ಇಸವಿ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾಯಿತು. 1970ರಲ್ಲಿ ಮೈಸೂರು ಸಭಾಪ್ರಾಂತವು ಮಧ್ಯ, ದಕ್ಷಿಣ, ಉತ್ತರ ಎಂದು ಮೂರಾಯಿತು. ಹೀಗೆ ದೊರೆಗಳು ಹೋದರು, ಪುಸ್ತಕವು ನಮ್ಮ ಕೈಗೆ ಬಂತು. ಆದರೆ ಜಗಲಿಯಲ್ಲಿ ನಿಂತುಕೊಳ್ಳುವ ಅಭ್ಯಾಸವು ಹೋಗಲಿಲ್ಲ. ಪುಸ್ತಕವು ಯಾರ ಕೈಯಲ್ಲಿದೆಯೋ ಅವನನ್ನೇ ಒಬ್ಬ ಚಿಕ್ಕ ದೊರೆಯನ್ನಾಗಿ ಮಾಡಿ ನಾವು ಜಗಲಿಯಲ್ಲಿಯೇ ಉಳಿದೆವು.

ಈಗ ನಾವು ಹೇಳುವೆವೆಂದ ಸಂಗತಿಗೆ ಬರುವೆವು. ಆ ಸಭೆಯ ಹೆಸರನ್ನು ಬರೆಯುವದಿಲ್ಲ. ಆ ಸಹೋದರನ ಒಪ್ಪಿಗೆಯನ್ನು ಪಡೆದೇ ಬರೆಯುತ್ತೇವೆ.

ಮೂರು ಸುಗ್ಗಿಗಳ ಹಿಂದೆ ಅಲ್ಲಿ ಹಬ್ಬದ ಹರಾಜು ಬಹು ಚೆನ್ನಾಗಿ ನಡೆಯಿತು. ಒಂದು ಕುಂಬಳಕಾಯಿಯನ್ನು ಮೂರು ಸಾರಿ ಹರಾಜಿಗಿಟ್ಟರು; ಕೊಂಡವರು ಪುನಃ ಪುನಃ ದೇವರಿಗೇ ಕೊಟ್ಟರು. ಬಂದ ಹಣವು ದೇವಾಲಯದ ಮಾಡಿಗೆಂದು ಗೊತ್ತಾಗಿತ್ತು. ಖಜಾಂಚಿಯು ಬಹುಕಾಲದ ನಂಬಿಕಸ್ಥನು. ಅದೇ ಬೇಸಿಗೆಯಲ್ಲಿ ಅವನ ಹೊಲದ ಬಾವಿಯು ಬತ್ತಿತು. ಆ ಹಣದಿಂದ ಕೊಳವೆಬಾವಿಯನ್ನು ಕೊರೆಯಿಸಿ, ಬೆಳೆ ಬಂದಾಗ ಹಿಂದಕ್ಕೆ ಕಟ್ಟಿದರಾಯಿತೆಂದು ಅವನು ಎಣಿಸಿದನು. ನೀರು ಬರಲಿಲ್ಲ. ಮಳೆಗಾಲ ಬಂತು. ಮಾಡು ಸೋರಿ ನೀರು ಕರ್ತನ ಮೇಜಿನ ಬಟ್ಟೆಯ ಮೇಲೆ ಬಿತ್ತು. ಹೆಂಗಸರು ಒಂದು ತಪ್ಪಲೆಯನ್ನು ತಂದಿಟ್ಟರು. ನಾವು ರೊಟ್ಟಿಯನ್ನು ಮುರಿಯುವಾಗ ಆ ತಪ್ಪಲೆಯಲ್ಲಿ ಹನಿ ಬೀಳುವ ಶಬ್ದವು ಕೇಳಿಸುತ್ತಿತ್ತು.

ವಾರ್ಷಿಕ ಕೂಟದಲ್ಲಿ ಒಬ್ಬನು ಲೆಕ್ಕವನ್ನು ಕೇಳಿದನು. ಖಜಾಂಚಿಯು ಎದ್ದುನಿಂತು ವೇದವನ್ನು ತೆರೆದನು. ಅರಸನಾದ ಯೋವಾಷನ ಕಾಲದಲ್ಲಿ ದೇವಾಲಯದ ಕೆಲಸ ಮಾಡಿಸಿದವರು ನಂಬಿಕೆಯಿಂದ ನಡೆದದರಿಂದ ಅವರಿಂದ ಯಾರೂ ಲೆಕ್ಕ ಕೇಳಲಿಲ್ಲವೆಂಬ ವಚನವನ್ನು ಓದಿ, ನಿಮಗೆ ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿದನು. ಕೂಟವು ಮೌನವಾಯಿತು. ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದವರು ನಾವು. ಹೊತ್ತು ಮೀರಿತ್ತು, ಮತ್ತೊಂದು ಊರಿನಲ್ಲಿ ಸಂಜೆಯ ಆರಾಧನೆಯಿತ್ತು, ಜಗಳವಾಗುವದು ನಮಗೆ ಬೇಡವಾಗಿತ್ತು. ಲೆಕ್ಕವು ಒಪ್ಪಿಗೆಯಾಯಿತೆಂದು ನಡವಳಿಯಲ್ಲಿ ಬರೆಯಿಸಿ ರುಜು ಹಾಕಿದೆವು. ಲೆಕ್ಕವನ್ನು ನಾವು ನೋಡಿರಲಿಲ್ಲ.

ಆ ವರುಷವೇ ಎರಡು ಮನೆಯವರು ಪ್ರಾರ್ಥನೆಗೆ ಬರುವದನ್ನು ಬಿಟ್ಟರು. ಪಟ್ಟಣದಲ್ಲಿದ್ದ ಮಕ್ಕಳು ಕಾಣಿಕೆಯನ್ನು ಕಳುಹಿಸುವದನ್ನು ಬಿಟ್ಟರು. ಅತ್ತಿಗುಪ್ಪೆಯ ಯೌವನಸ್ಥನು ಅವರಲ್ಲಿ ಒಬ್ಬನು.

ಖಜಾಂಚಿಯು ಓದಿದ ವಚನವು ವೇದದಲ್ಲಿ ಇರುವದು ನಿಜ. ಆದರೆ ಅದು ಆ ಅಧ್ಯಾಯದ ಹದಿನೈದನೆಯ ವಚನ. ಅದಕ್ಕೆ ಮುಂಚೆ ಹತ್ತನೆಯ ವಚನವೊಂದಿದೆ. ಯೋವಾಷನ ಆಳಿಕೆಯ 23ನೆಯ ವರುಷದ ವರೆಗೂ ಯಾಜಕರು ಹಣವನ್ನು ತೆಗೆದುಕೊಳ್ಳುತ್ತಾ ಬಂದರೂ ಆಲಯದ ಬಿರುಕನ್ನು ಮುಚ್ಚಿಸಿರಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ತೂತು ಮಾಡಿ ಅದನ್ನು ಯಜ್ಞವೇದಿಯ ಬಳಿಯಲ್ಲಿ, ಜನರು ಒಳಗೆ ಬರುವಾಗ ಬಲಗಡೆಯಲ್ಲಿ, ಇಡಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಬಂದು ಹಣವನ್ನು ಎಣಿಸಿ ಚೀಲದಲ್ಲಿ ಕಟ್ಟಿದರು. ಮಹಾಯಾಜಕನೊಬ್ಬನೇ ಎಣಿಸಲಿಲ್ಲ, ಲೇಖಕನೊಬ್ಬನೇ ಎಣಿಸಲಿಲ್ಲ. ಎಣಿಕೆಯಾದ ಮೇಲೆ ಹಣವು ಕೆಲಸ ಮಾಡಿಸುವವರ ಕೈಗೆ ಹೋಯಿತು. ಅವರು ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೊಟ್ಟರು, ಬಿರುಕು ಮುಚ್ಚಿತು. ಮುಚ್ಚಿದ ಬಿರುಕು ಎಲ್ಲರ ಕಣ್ಣಿಗೆ ಕಾಣುತ್ತಿರಲಾಗಿ ಆ ಕೆಲಸದವರಿಂದ ಇನ್ನು ಯಾವ ಲೆಕ್ಕ? ಹೀಗಿರಲಾಗಿ ಹತ್ತನೆಯ ವಚನವನ್ನು ಮಾಡದವರು ಹದಿನೈದನೆಯದನ್ನು ಓದಬಾರದು. ಪೌಲನೂ ಯೂದಾಯದ ಬಡವರಿಗಾಗಿ ಕೂಡಿಸಿದ ದ್ರವ್ಯವನ್ನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದಂತೆ ಸಭೆಗಳೇ ನೇಮಿಸಿದ ಸಹೋದರನನ್ನು ತನ್ನ ಸಂಗಡ ಕರೆದುಕೊಂಡನು. ಪೌಲನ ಮೇಲೆ ನಂಬಿಕೆಯಿಲ್ಲವೆಂದು ಇದಕ್ಕೆ ಯಾರಾದರೂ ಅರ್ಥ ಹೇಳುವರೇ? ಕಾಣಿಕೆಯ ತಟ್ಟೆಯನ್ನು ಇಬ್ಬರು ಕೂಡಿ ದೇವಾಲಯದಲ್ಲಿಯೇ ಎಣಿಸಿ ಇಬ್ಬರೂ ರುಜು ಹಾಕುವದು, ಹಣವನ್ನು ಮನೆಯ ಟ್ರಂಕಿನಲ್ಲಿ ಇಡದೆ ಸಭೆಯ ಹೆಸರಿನ ಬ್ಯಾಂಕಿನ ಪುಸ್ತಕಕ್ಕೆ ಕಟ್ಟುವದು, ಇದು ಖಜಾಂಚಿಗೆ ಅವಮಾನವಲ್ಲ. ಅವನ ಹೊಲದ ಬಾವಿಯು ಬತ್ತುವ ದಿನದಲ್ಲಿ ಅವನನ್ನು ಕಾಯುವ ಬೇಲಿಯು ಇದೇ.

ಅತ್ತಿಗುಪ್ಪೆಯಿಂದ ಬಂದ ರಾತ್ರಿ ನಮಗೆ ಜಕ್ಕಾಯನ ಜ್ಞಾಪಕ ಬಂತು. ಅವನು ಹತ್ತಿದ ಮರವು ನಮ್ಮ ಅತ್ತಿಯ ಹತ್ತಿರದ ಜಾತಿಯೇ. ಪ್ರವಾದಿಯಾದ ಆಮೋಸನು ನೋಡಿಕೊಳ್ಳುತ್ತಿದ್ದದ್ದೂ ಅದರ ಹಣ್ಣನ್ನೇ. ಅತ್ತಿಯ ಹಣ್ಣು ಹೊರಗೆ ಕೆಂಪು, ಒಡೆದರೆ ಒಳಗೆ ಹುಳು ಎಂಬದು ನಮ್ಮ ಮಕ್ಕಳೂ ಬಲ್ಲ ಸಂಗತಿ. ಅದಕ್ಕೇ ಒಡೆಯದೆ ನೋಡಿ ಸಂತೋಷಪಡುವವರು ಬಹಳ ಮಂದಿ. ನಮ್ಮ ರುಜುವೂ ಅಂಥದ್ದೇ. ಜಕ್ಕಾಯನು ಐಶ್ವರ್ಯವಂತನು, ಸುಂಕದವರಲ್ಲಿ ಮುಖ್ಯಸ್ಥನು. ಅಂಥವನು ಹುಡುಗನ ಹಾಗೆ ಮರಹತ್ತಿದನು. ಕರ್ತನು ಮರದ ಕೆಳಗೆ ನಿಂತು ಲೆಕ್ಕ ಕೇಳಲಿಲ್ಲ. ಅವನ ಮನೆಗೆ ಬರುವೆನೆಂದನು. ಯಾರೂ ಕೇಳದೆ ಇರುವಾಗ ಜಕ್ಕಾಯನೇ ಎದ್ದುನಿಂತು ಲೆಕ್ಕವನ್ನು ಒಪ್ಪಿಸಿದನು. ಜನರು ಗುಣುಗುಟ್ಟಿದ್ದು ಕರ್ತನು ಪಾಪಿಯ ಮನೆಗೆ ಹೋದನೆಂದೇ ಹೊರತು ಹಣವು ಹಿಂದಕ್ಕೆ ಬಂತೆಂದು ಅಲ್ಲ.

ಮಾರನೆಯ ವಾರ ನಾವು ಖಜಾಂಚಿಯ ಮನೆಗೆ ಒಬ್ಬರೇ ಹೋದೆವು. ಮತ್ತಾಯನ 18ನೆಯ ಅಧ್ಯಾಯದ ಕ್ರಮವು ಅದೇ. ಮೊದಲು ನೀನೂ ಅವನೂ ಮಾತ್ರ. ನಾವು ಕುಳಿತುಕೊಂಡು, "ನಾನು ನೋಡದ ಲೆಕ್ಕಕ್ಕೆ ರುಜು ಹಾಕಿದೆನು. ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಲು ಬಂದಿದ್ದೇನೆ" ಎಂದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಎದ್ದು ಹೊಲಕ್ಕೆ ಕರೆದುಕೊಂಡು ಹೋಗಿ, ನೆಲದಿಂದ ಒಂದು ಮೊಳ ಎದ್ದು ನಿಂತಿದ್ದ ಒಣ ಕೊಳವೆಯನ್ನು ತೋರಿಸಿದನು. ಅದರ ಬಾಯನ್ನು ಒಂದು ಚಪ್ಪಡಿಯಿಂದ ಮುಚ್ಚಿದ್ದನು. "ಅಯ್ಯನವರೇ, ಮೂರು ವರುಷ ಇದರ ಮೇಲೆಯೇ ಮಲಗಿದ ಹಾಗಿತ್ತು" ಎಂದನು.

ಹಿರಿಯರ ಕೂಟದಲ್ಲಿ ಮಾತು ಸುಲಭವಾಗಿ ಮುಗಿಯಲಿಲ್ಲ. ಒಬ್ಬರು, ಜಕ್ಕಾಯನ ಹಾಗೆ ನಾಲ್ಕರಷ್ಟು ಕಟ್ಟಲಿ ಎಂದರು. ಮತ್ತೊಬ್ಬರು, ಊರಿನ ಮುಂದೆ ನಮ್ಮ ಮಾನ ಹೋಗುತ್ತದೆ, ಒಳಗೊಳಗೇ ಮುಗಿಸೋಣ ಎಂದರು. ಕುರಿಯನ್ನು ಕದ್ದು ಕೊಯ್ದು ಸಿಕ್ಕಿಬಿದ್ದವನಿಗೆ ಮೋಶೆಯ ಧರ್ಮಶಾಸ್ತ್ರವು ನಾಲ್ಕರಷ್ಟು ವಿಧಿಸಿತ್ತು. ತಾನಾಗಿ ಅರಿಕೆಮಾಡಿದವನಿಗಾದರೋ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ ಅಸಲಿನೊಂದಿಗೆ ಐದನೆಯ ಒಂದು ಪಾಲನ್ನು ಮಾತ್ರ ಕೂಡಿಸಲು ಹೇಳಿದೆ. ನಾಲ್ಕರಷ್ಟನ್ನು ಜಕ್ಕಾಯನು ತಾನೇ ಹೇಳಿದನು, ಪಂಚಾಯಿತಿಯವರು ಹೇರಲಿಲ್ಲ. ಇದನ್ನು ಓದಿ ತೋರಿಸಿದ ಮೇಲೆ ನಾಲ್ಕರಷ್ಟಿನ ಮಾತು ನಿಂತಿತು. ಮುಚ್ಚಿಡುವ ಮಾತಿಗೆ ಉತ್ತರ ಕೊಟ್ಟವಳು ಕೂಟದಲ್ಲಿದ್ದ ಒಬ್ಬಳೇ ಸಹೋದರಿ: "ಮಾಡು ಸೋರುವದನ್ನು ಊರೆಲ್ಲಾ ನೋಡಿದೆ. ಇನ್ನು ಮುಚ್ಚುವದಕ್ಕೆ ಏನು ಉಳಿದಿದೆ?"

ಇಲ್ಲಿ ನಾವು ಒಂದು ಮಾತನ್ನು ಹೇಳದೆ ಇರಲಾರೆವು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 1993ರ ಕಾಯಿದೆಯಿಂದ ಮೂರರಲ್ಲೊಂದು ಪಾಲೂ, 2010ರ ತಿದ್ದುಪಡಿಯಿಂದ ಅರ್ಧ ಪಾಲೂ ಸ್ತ್ರೀಯರಿಗೆ ಸಂದಿದೆ. ವೇದವನ್ನು ತೆರೆದು ಪ್ರಾರಂಭಿಸದ ಕೂಟದಲ್ಲಿ ಹೀಗಿರಲಾಗಿ, ವೇದವನ್ನು ತೆರೆದು ಪ್ರಾರಂಭಿಸುವ ನಮ್ಮ ಹಳ್ಳಿಯ ಕೂಟಗಳಲ್ಲಿ ಎಷ್ಟು ಮಂದಿ ಸಹೋದರಿಯರು ಕುಳಿತಿದ್ದಾರೆಂದು ಎಣಿಸಿರಿ. ಹಿಡಿಯಕ್ಕಿಯನ್ನು ತೆಗೆದಿಡುವದು ಅವರು. ಸೋರುವ ಮಾಡಿನ ಕೆಳಗೆ ತಪ್ಪಲೆಯನ್ನು ಇಡುವದೂ ಅವರೇ. ಸ್ಮಶಾನದ ಭೂಮಿಯು ಪಹಣಿಯಲ್ಲಿ ಯಾರ ಹೆಸರಿನಲ್ಲಿದೆಯೆಂದು ತಾಲ್ಲೂಕು ಕಚೇರಿಗೆ ಮೂರು ಸಾರಿ ಅಲೆದು ಕೇಳಿಬಂದವಳೂ ಆ ಸಹೋದರಿಯೇ. ಗಂಡಸರು ಅದನ್ನು ನಡವಳಿಯಲ್ಲಿ ಎರಡು ವರುಷದಿಂದ ಬರೆಯುತ್ತಿದ್ದರು, ಅಷ್ಟೇ. ನಿಮ್ಮ ಸಭೆಯಲ್ಲಿಯೂ ಇದನ್ನು ವಿಚಾರಿಸಿರಿ. ಹೂಳಬೇಕಾದ ದಿನದಲ್ಲಿ ವಿಚಾರಿಸುವದಕ್ಕೆ ಹೊತ್ತಿರುವದಿಲ್ಲ.

ಹೋದ ಭಾನುವಾರ ಆರಾಧನೆಯ ನಂತರ ಯಾರೂ ಏಳದೆ ಕುಳಿತರು. ಮೊದಲು ನಾವು ನಿಂತು, ಆ ವರುಷದ ನಡವಳಿಯಲ್ಲಿರುವ ರುಜು ನಮ್ಮದು, ಅದು ಸುಳ್ಳಾದ ರುಜು ಎಂದು ಒಪ್ಪಿಕೊಂಡೆವು. ಆ ಮೇಲೆ ಖಜಾಂಚಿಯು ನಿಂತನು. ಅವನು ಹೇಳಿದ್ದು ನಾಲ್ಕೈದು ಮಾತುಗಳೇ. ಅಸಲನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ರಾಗಿ ಮಾರಿದಾಗಲೆಲ್ಲಾ ಕಟ್ಟುವೆನೆಂದೂ, ಪುಸ್ತಕವನ್ನು ಬೇರೆಯವರಿಗೆ ಒಪ್ಪಿಸಿರೆಂದೂ ಹೇಳಿ ಮೊದಲನೆಯ ಕಂತನ್ನು ತಟ್ಟೆಯಲ್ಲಿಟ್ಟನು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಬರುವದನ್ನು ಬಿಟ್ಟಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಬಾಗಿಲಿನ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಮತ್ತೊಂದು ಮನೆಯವರು ಬಂದಿರಲಿಲ್ಲ.

ತಟ್ಟೆಯ ಹಣವನ್ನು ಇಬ್ಬರು ಅಲ್ಲಿಯೇ ಎಣಿಸಿದರು. ಕಾರ್ಯದರ್ಶಿಯು ಮೂರು ವರುಷದ ಲೆಕ್ಕವನ್ನು ಒಂದೊಂದು ಸಾಲಾಗಿ ಓದಿದನು. ಓದಿ ಮುಗಿಸುವಾಗ ಹೆಂಗಸರ ಸಾಲಿನಿಂದ ಅತ್ತಿಗುಪ್ಪೆಯ ಯೌವನಸ್ಥನ ತಾಯಿಯು ಎದ್ದು, "ಅಪ್ಪಾ, ನನ್ನ ಹಿಡಿಯಕ್ಕಿ ಎಲ್ಲಿ ಬರೆದಿದೆ?" ಎಂದು ಕೇಳಿದಳು. ಅವನು ಹಾಳೆಯನ್ನು ತಿರುವಿ, "ಹಿಡಿಯಕ್ಕಿ ಮಾರಿದ ಹಣ ಎಂದು ಒಂದೇ ಸಾಲಿನಲ್ಲಿ ಬರೆದಿದೆ ಅವ್ವಾ, ಎಲ್ಲರದೂ ಸೇರಿದೆ" ಎಂದು ಹೇಳಿದನು. ಆಕೆಯು, "ಮತ್ತೊಂದು ಸಾರಿ ಓದು" ಎಂದಳು. ಅವನು ಓದಿದನು. ಆಕೆಯು ಸೆರಗನ್ನು ಸರಿಮಾಡಿಕೊಂಡು ಕುಳಿತುಕೊಂಡಳು.

ಆ ಲೆಕ್ಕದ ಪ್ರತಿಯನ್ನು ಸೋಮವಾರದ ಅಂಚೆಯಲ್ಲಿ ಅತ್ತಿಗುಪ್ಪೆಗೆ ಕಳುಹಿಸಿದ್ದೇವೆ.